ಸುಳ್ಳು ಹೇಳದ ಭಾವನ ಐದು ಆಟಗಳು

ನಮ್ಮ ಭಾವ ಪೋಕರ್ ಆಡುತ್ತಾರೆ, ಆದರೆ ಸುಳ್ಳು ಹೇಳುವುದಿಲ್ಲ. ಈಜಲು ಹೋಗುತ್ತಾರೆ, ಆದರೆ ನೀರಿಗಿಳಿಯುವುದಿಲ್ಲ ಎಂದರೆ ಹೇಗೆ ನಗುತ್ತೀರೋ ಇದಕ್ಕೂ ಹಾಗೇ ನಗಬಹುದು, ನನ್ನದೇನೂ ಅಭ್ಯಂತರವಿಲ್ಲ. ಇಸ್ಪೀಟಿನಲ್ಲೇ ಮಹಾ ಸುಳ್ಳಿನ ಆಟ ಅದು. ಕೈಯಲ್ಲಿ ಏನೂ ಇಲ್ಲದವನು ಎಲ್ಲಾ ಇರುವಂತೆ, ಎಲ್ಲಾ ಇರುವವನು ಏನೂ ಇಲ್ಲದಂತೆ ನಟಿಸಬೇಕು. ನಮ್ಮ ಭಾವನಿಗೆ ನಟನೆ ಎಷ್ಟು ಬರುತ್ತದೆ ಗೊತ್ತೇ? ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾದರೆ ಅಕ್ಕ ಅವರ ಮುಖ ನೋಡಿಯೇ ಉಪ್ಪಿನ ಡಬ್ಬಿ ತರುತ್ತಾಳೆ!

ಭಾವ ಅರಸೀಕೆರೆಯಲ್ಲಿ ಮೂವತ್ತು ವರ್ಷ ಕೊಬ್ಬರಿ ಮಂಡಿ ನಡೆಸಿದವರು. ಅಟ್ಟದಿಂದಿಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಕಟ್ಟಿದೆಯೋ ಕೆಟ್ಟಿದೆಯೋ ಹೇಳಿಬಿಡುತ್ತಿದ್ದರು. ಮಂಡಿಯನ್ನು ತಮ್ಮನ ಕೈಗೆ ಬಿಟ್ಟ ಮೇಲೆ ಮನೆಯಲ್ಲೇ ಇದ್ದಾರೆ. ಪೋಕರ್ ಕಲಿತದ್ದು ಫೋನಿನಲ್ಲಿ, ಯಾರ ಹಂಗೂ ಇಲ್ಲದೆ. ಕಿವಿಗೆ ವೈರು ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂರುತ್ತಿದ್ದುದನ್ನು ನೋಡಿ ಅಕ್ಕ ಮೂರು ತಿಂಗಳು ಅವರು ವಚನ ಕೇಳುತ್ತಿದ್ದಾರೆಂದೇ ತಿಳಿದಿದ್ದಳು. ಅಕ್ಕಪಕ್ಕದ ಮನೆಯವರ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡೂ ಇದ್ದಳು.

ಆಮೇಲೊಂದು ದಿನ ಭಾವ ಬೆಂಗಳೂರಿನ ಯಾವುದೋ ಕ್ಲಬ್ಬಿನಲ್ಲಿ ಪೋಕರ್ ಟೂರ್ನಮೆಂಟಿದೆ, ಹೋಗುತ್ತೇನೆ ಎಂದಾಗ ವಚನದ ಗುಟ್ಟು ರಟ್ಟಾಯಿತು. ಎರಡು ದಿನ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ರಾಜಿ ಮಾಡಿಸಲು ಅಕ್ಕನ ತವರಾದ ಹಳೇಬೀಡಿನಿಂದ ನನ್ನನ್ನು ಕರೆಸಿದರು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಜಗಳ ಬಿಡಿಸುವುದು ನಮ್ಮ ಕಸುಬಲ್ಲವೇ?

"ಐದು ಸಲ ಹೋಗ್ಬನ್ನಿ," ಎಂದಳು ಅಕ್ಕ. "ಕೊನೇ ಮೇಜಲ್ಲಿ ಒಂದು ಸಲನಾದ್ರೂ ಕೂತು ಬಂದ್ರೆ ಸರಿ. ಇಲ್ಲ ಅಂದ್ರೆ ಆಮೇಲೆ ಎಲೆ ಮುಟ್ಟಂಗಿಲ್ಲ. ಫೋನಲ್ಲೂ ಇಲ್ಲ!"

ಕೊನೇ ಮೇಜು ಎಂದರೆ ಸಾಮಾನ್ಯವಲ್ಲ. ಎಲ್ಲರಿಗೂ ಬೆಳಿಗ್ಗೆ ಒಂದೇ ಸಮ ಬಣ್ಣದ ಬಿಲ್ಲೆ ಕೊಡುತ್ತಾರೆ. ಬಿಲ್ಲೆ ಮುಗಿದವರು ಎದ್ದು ಹೋಗಬೇಕು. ಹೀಗೆ ನೂರಾರು ಜನ ಹೋಗಿ ಕೊನೆಗೆ ಒಂಬತ್ತು ಜನ ಉಳಿದಾಗ ಅವರನ್ನು ಒಂದೇ ಮೇಜಿಗೆ ಕೂರಿಸುತ್ತಾರೆ. ಭಾವ "ಆಯ್ತು" ಎಂದರು. ಮಂಡಿಯಲ್ಲಿ ಅವರ 'ಆಯ್ತು' ಎಂದರೆ ರಿಜಿಸ್ಟರ್ ಆದ ಪತ್ರ. ಸಾಕ್ಷಿ ನಾನೊಬ್ಬನೇ.

ಮೊದಲ ಟೂರ್ನಮೆಂಟಿಗೆ ನಾನೇ ಜೊತೆಗೆ ಹೋದೆ. ಭಾವನ ಎದುರು ಕಪ್ಪು ಕನ್ನಡಕದ ಒಬ್ಬ ತರುಣ ಕೂತಿದ್ದ. ಸೂರಿನ ಕೆಳಗೆ ಕಪ್ಪು ಕನ್ನಡಕ ಯಾಕೆ? ಕಣ್ಣು ನೋಡಿ ಎಲೆ ಊಹಿಸಬಾರದಂತೆ! ಅವನು ಕೆಣಕಲೆಂದು ಕೇಳಿದ, "ಅಂಕಲ್, ಎಕ್ಕ ಇದೆಯಾ?"

"ಎರಡೈತೆ ಕಣಪ್ಪ," ಎಂದರು ಭಾವ.

ಮೇಜೆಲ್ಲ ಗೊಳ್ಳೆಂದಿತು. ಇಂಥ ಸುಳ್ಳನ್ನು ಜನ್ಮದಲ್ಲಿ ಕೇಳಿರಲಿಲ್ಲವೆಂದು ಆ ತರುಣ ತನ್ನ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದ. ಭಾವ ಎರಡು ಎಕ್ಕಗಳನ್ನು ಬಿಚ್ಚಿ ತೋರಿಸಿದರು. ಅವನು ಕನ್ನಡಕ ತೆಗೆದು ನೋಡಿದ, ಎಕ್ಕಗಳೇ! ಊಟದ ಹೊತ್ತಿಗೆ ಭಾವನ ಮುಂದೆ ಬಿಲ್ಲೆಗಳು ರಾಶಿ ಬಿದ್ದಿದ್ದವು. ಊಟವಾದ ಮೇಲೆ ಸುದ್ದಿ ಹರಡಿತು. ಪ್ರತಿ ಸುತ್ತಿಗೂ ಎಂಟು ಜನ ಒಟ್ಟಿಗೆ "ಅಂಕಲ್, ಈ ಸಲ ಏನಿದೆ?" ಎಂದು ಕೇಳುವುದು, ಭಾವ ಹೇಳುವುದು! ನಾಲ್ಕು ಗಂಟೆಗೆ ನಾವು ರೈಲ್ವೆ ಸ್ಟೇಷನ್ನಿನಲ್ಲಿದ್ದೆವು.

"ಸುಮ್ಮನಿರಬಾರದಿತ್ತೇ ಭಾವ?"

"ಅದೆಂಗಾಯ್ತದೋ? ರೇಟು ಕೇಳಿದ ರೈತನ ಮುಂದೆ ಬಾಯಿ ಮುಚ್ಕೊಂಡು ಕೂತಿದ್ರೆ ಮೂವತ್ತು ವರ್ಷ ಮಂಡಿ ನಡೀತಿತ್ತಾ?"

ಎರಡನೆಯ ಸಲಕ್ಕೆ ನಾನೇ ಉಪಾಯ ಹೇಳಿಕೊಟ್ಟೆ. ಬಾಯಲ್ಲಿ ಕೊಬ್ಬರಿ ತುಂಡು ಇಟ್ಟುಕೊಳ್ಳಿ, ಯಾರು ಕೇಳಿದರೂ ಉತ್ತರ ಹೇಳಲಾಗುವುದಿಲ್ಲ, ಸುಳ್ಳಿನ ಪಾಪವೂ ಇಲ್ಲ ಎಂದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ. ಭಾವ ಜೇಬಿನ ತುಂಬ ಕೊಬ್ಬರಿ ತುಂಬಿಕೊಂಡು ಹೋದರು. ಮೂರು ಗಂಟೆ ಚೆನ್ನಾಗಿಯೇ ನಡೆಯಿತು. ಆಮೇಲೆ ಎದುರಿನವರಿಗೆ ಒಂದು ವಿಷಯ ತಿಳಿಯಿತು. ಎಲೆ ಕೆಟ್ಟದಾಗಿದ್ದರೆ ಭಾವ ಕೊಬ್ಬರಿಯನ್ನು ದವಡೆಗೆ ಒತ್ತರಿಸಿ ಸುಮ್ಮನಿರುತ್ತಾರೆ, ಒಳ್ಳೆಯದಿದ್ದರೆ ಕರಕರ ಅಗಿಯುತ್ತಾರೆ! "ಅಂಕಲ್ ಅಗೀತಿದಾರೆ, ಎಲೆ ಬಿಸಾಕ್ರಪ್ಪೋ" ಎಂದು ಯಾರೋ ಕೂಗಿದರು. ಭಾವನಿಗೆ ಎರಡು ರಾಜ ಬಂದಾಗಲೂ ಎದುರಾಡಲು ಒಬ್ಬರೂ ಉಳಿಯಲಿಲ್ಲ. ಆದರೂ ಹೊರಡುವಾಗ ಎಲ್ಲರಿಗೂ ಒಂದೊಂದು ತುಂಡು ಹಂಚಿ ಬಂದರು. ಮಾಲು ಎಲ್ಲಿಯದು ಎಂದು ಇಬ್ಬರು ವಿಚಾರಿಸಿದರಂತೆ.

ಮೂರನೆಯದರಲ್ಲಿ ಸೋಲಿಸಿದ್ದು ಮನುಷ್ಯರಲ್ಲ. ಸಂಜೆ ಆರೂವರೆಗೆ ಭಾವನ ಇಷ್ಟಲಿಂಗ ಪೂಜೆಯಾಗಬೇಕು. ಮದುವೆಯ ದಿನ ಕೂಡ ಅದು ತಪ್ಪಿರಲಿಲ್ಲ, ಅಕ್ಕ ಮಂಟಪದಲ್ಲಿ ಒಬ್ಬಳೇ ಕೂತಿದ್ದಳು. ಆ ದಿನ ಭಾವನ ಕೈ ಭರ್ಜರಿಯಾಗಿ ಓಡುತ್ತಿತ್ತು. ಆರೂವರೆಯಾಯಿತು. ಎದ್ದರು, ಕೈಕಾಲು ತೊಳೆದರು, ಹಿಂದಿನ ಕೋಣೆಯೊಂದರಲ್ಲಿ ಕೂತು ಮುಕ್ಕಾಲು ಗಂಟೆ ಪೂಜೆ ಮಾಡಿ, ಹಣೆತುಂಬ ಹೊಸ ವಿಭೂತಿಯೊಂದಿಗೆ ಬಂದರು. ಬಿಲ್ಲೆಗಳ ರಾಶಿ ಕರಗಿಹೋಗಿತ್ತು! ಆ ಆಟದಲ್ಲಿ ಕುರ್ಚಿಯಲ್ಲಿ ಇರಲಿ ಬಿಡಲಿ, ಸರದಿ ಬಂದಾಗ ಒಂದಿಷ್ಟು ಬಿಲ್ಲೆ ಹಾಕಲೇಬೇಕು. ಹೊತ್ತು ಹೋದಂತೆ ಆ ಒಂದಿಷ್ಟು ಬಹಳಷ್ಟಾಗುತ್ತದೆ.

"ಯಾರಪ್ಪಾ ತಗೊಂಡಿದ್ದು?"

"ಯಾರೂ ತಗೊಂಡಿಲ್ಲ ಸಾರ್, ರೂಲ್ಸು," ಎಂದ ಎಲೆ ಹಂಚುವ ಹುಡುಗ.

"ಪೂಜೆಗೆ ಎದ್ದೋನ ಗಂಟಿಗೆ ಕೈ ಹಾಕೋ ರೂಲ್ಸಾ!" ಎಂದರು ಭಾವ. ಉಳಿದದ್ದನ್ನು ಎರಡೇ ಸುತ್ತಿನಲ್ಲಿ ಕಳೆದುಕೊಂಡರು.

ನಾಲ್ಕನೆಯದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮೂರನೇ ಸುತ್ತಿಗೇ ಹೊರಬಿದ್ದರು. ವಾಪಸು ಬರುವಾಗ ರೈಲಿನಲ್ಲಿ ಭಾವ ಕಿಟಕಿಯ ಕಡೆಯೇ ನೋಡುತ್ತಿದ್ದರು, ನಾನು ಅವರನ್ನೇ ನೋಡುತ್ತಿದ್ದೆ. ಅರಸೀಕೆರೆ ಬಂದು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಮುಂದಿನ ಸ್ಟೇಷನ್ನು ಬಾಣಾವರದಲ್ಲಿ ಇಳಿದು ಬಸ್ಸು ಹಿಡಿದು ಮರಳಿ ಬಂದೆವು. "ಇನ್ನೊಂದೇ ಉಳಿದಿರೋದು ಕಣೋ," ಎಂದರು ಬಸ್ಸಿನಲ್ಲಿ.

ಐದನೆಯದು ಬೇಲೂರಿನ ಹತ್ತಿರದ ಒಂದು ರೆಸಾರ್ಟಿನಲ್ಲಿ ಗೊತ್ತಾಯಿತು. ಅಕ್ಕ ತಾನೂ ಬರುತ್ತೇನೆಂದಳು. "ನಿನಗೇನು ಕೆಲಸ ಅಲ್ಲಿ?" ಎಂದೆ. "ತವರಿಗೆ ಹತ್ರಾನೇ ಐತಲ್ಲ," ಎಂದಳು. ಸೋಲುವುದನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಲು ಬರುತ್ತಿದ್ದಾಳೆ ಎಂದು ನನಗೆ ಒಳಗೊಳಗೇ ಸಿಟ್ಟು ಬಂದಿತ್ತು.

ಆ ದಿನ ಭಾವ ಬೇರೆಯೇ ಮನುಷ್ಯ. ಕೊಬ್ಬರಿ ಇಲ್ಲ, ಗಲಿಬಿಲಿಯಿಲ್ಲ. ಯಾರಾದರೂ ಎಲೆ ಕೇಳಿದರೆ "ಹೇಳಕ್ಕಾಗಲ್ಲ ಕಣಪ್ಪ" ಎನ್ನುತ್ತಿದ್ದರು. ಅದು ಸುಳ್ಳಲ್ಲವಲ್ಲ! ಇಷ್ಟು ಸುಲಭದ ಉತ್ತರ ಹುಡುಕಲು ಅವರಿಗೆ ನಾಲ್ಕು ಟೂರ್ನಮೆಂಟು ಬೇಕಾಯಿತು. ಮಧ್ಯೆ ಮಧ್ಯೆ ಪಕ್ಕದವರ ಊರು ಕೇಳಿದರು, ತೆಂಗಿನ ನುಸಿರೋಗಕ್ಕೆ ಏನು ಹಾಕಬೇಕೆಂದು ಒಬ್ಬರಿಗೆ ವಿವರಿಸಿದರು, ಯಾವುದಕ್ಕೋ ಗಟ್ಟಿಯಾಗಿ ನಕ್ಕರು. ಒಬ್ಬೊಬ್ಬರೇ ಎದ್ದು ಹೋದರು, ಭಾವ ಕೂತೇ ಇದ್ದರು.

ಆರು ಗಂಟೆಗೆ ನನಗೆ ಪೂಜೆಯ ಚಿಂತೆ ಹತ್ತಿತು. ನೋಡಿದರೆ ಸರಿಯಾಗಿ ಆರೂವರೆಗೆ ಆಟ ನಿಲ್ಲಿಸಿ ಎಲ್ಲರಿಗೂ ಕಾಫಿ ಎಂದು ಕೂಗಿದರು, ಅದೂ ಮುಕ್ಕಾಲು ಗಂಟೆ ಬಿಡುವು! ಇದೇನು ಪವಾಡವೆಂದು ಅಲ್ಲಿನ ಮ್ಯಾನೇಜರನ್ನು ಕೇಳಿದೆ. "ಬೆಳಿಗ್ಗೆನೇ ಆ ಮೇಡಂ ಬಂದು ಹೇಳಿದ್ರು ಸಾರ್, ಬಿಡೋ ಹಾಗೇ ಇರ್ಲಿಲ್ಲ," ಎಂದು ಮೂಲೆಯ ಕುರ್ಚಿ ತೋರಿಸಿದ. ಅಲ್ಲಿ ಅಕ್ಕ ಏನೂ ಗೊತ್ತಿಲ್ಲದವಳಂತೆ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದಳು.

ಪೂಜೆ ಮುಗಿಸಿ ಭಾವ ಬಂದು ಕೂತಾಗ ಹನ್ನೊಂದು ಜನ ಉಳಿದಿದ್ದರು. ಸ್ವಲ್ಪದರಲ್ಲೇ ಒಬ್ಬರು ಹೋಗಿ ಹತ್ತಾದರು. ಇನ್ನೊಬ್ಬರು ಎದ್ದರೆ ಕೊನೇ ಮೇಜು! ಭಾವನಿಗೆ ಎರಡು ರಾಣಿ ಬಂದವು. ಒಳ್ಳೆಯ ಎಲೆ, ಅದಕ್ಕಿಂತ ಒಳ್ಳೆಯದಕ್ಕೆ ಕಾಯುವವನು ಮೂರ್ಖ. ಎಲ್ಲಾ ಬಿಲ್ಲೆ ಮುಂದೆ ತಳ್ಳಿದರು. ಹಾಸನದ ಒಬ್ಬರು ಲೇಡಿ ಡಾಕ್ಟರು ತಮ್ಮದನ್ನೂ ತಳ್ಳಿ ಎಲೆ ಬಿಚ್ಚಿದರು, ಒಂದು ಎಕ್ಕ, ಒಂದು ರಾಜ. ಮೇಜಿನ ಮೇಲೆ ಐದು ಎಲೆ ಹಾಕಬೇಕು. ಎಕ್ಕವೋ ರಾಜನೋ ಬಾರದಿದ್ದರೆ ಭಾವ ಗೆದ್ದಂತೆ. ನಾಲ್ಕು ಎಲೆ ಬಿದ್ದವು, ಏನೂ ಬರಲಿಲ್ಲ. ಅಕ್ಕ ನನ್ನ ತೋಳನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು. ಐದನೆಯ ಎಲೆ ರಾಜ.

ಭಾವ ಎದ್ದು ಡಾಕ್ಟರಿಗೆ ಕೈಮುಗಿದು "ಚೆನ್ನಾಗಿ ಆಡಿದ್ರಿ ತಾಯಿ" ಎಂದರು. ನಮ್ಮ ಹತ್ತಿರ ಬಂದು "ಮುಗೀತು ಕಣೇ" ಎಂದು, ಮುಖ ತೊಳೆದು ಬರುತ್ತೇನೆಂದು ಹೋದರು.

ಅಕ್ಕ ನನ್ನ ತೋಳು ಬಿಟ್ಟು ಅವರು ಹೋದ ಕಡೆ ನೋಡಿದಳು. ಆಮೇಲೆ ಹೇಳಿದಳು, "ಮಂಡಿ ಬಿಟ್ಟಾಗಿಂದ ಎರಡು ವರ್ಷ ಗೋಡೆ ನೋಡ್ಕೊಂಡು ಕೂತಿದ್ರು ಕಣೋ. ಊಟ ಬಡಿಸಿದ್ರೆ ಊಟ, ಇಲ್ಲಾಂದ್ರೆ ಅದೂ ಇಲ್ಲ. ನಿಮ್ಗ್ಯಾರಿಗೂ ಹೇಳ್ಲಿಲ್ಲ ನಾನು. ಇವತ್ತು ಅವ್ರು ನಕ್ಕಿದ್ದು ಕೇಳುಸ್ತಾ ನಿಂಗೆ? ಈ ಮೂಲೇವರ್ಗೂ ಕೇಳುಸ್ತು."

ಎರಡು ವರ್ಷ ಅವರ ಮನೆಗೆ ಹೋಗಿ ಬರುತ್ತಲೇ ಇದ್ದವನು ನಾನು. ನಾಚಿಕೆಯಾಯಿತು.

ನಾನು ಓಡಿಸುತ್ತಿದ್ದ ಕಾರು ಹಳೇಬೀಡಿನ ದಾರಿ ಹಿಡಿಯಿತು. ಹಿಂದಿನ ಸೀಟಿನಲ್ಲಿ ಅವರಿಬ್ಬರೂ ಕೂತಿದ್ದರು. ಸುಮಾರು ದೂರ ಬಂದ ಮೇಲೆ ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು, "ಮುಂದಿನ ಆಟ ಯಾವಾಗ್ರೀ?"

"ಎಲ್ಲೀದು? ಐದಾಯ್ತಲ್ಲ."

"ಐದಾ? ನಾನು ಆರು ಅಂದಿದ್ದೆ."

"ಇಲ್ಲ ಕಣೇ, ನೀನು ಐದು ಅಂದೆ. ಇವನೇ ಸಾಕ್ಷಿ. ಏನೋ, ಹೇಳೋ."

ಕನ್ನಡಿಯಲ್ಲಿ ನೋಡಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಆರೇ ಭಾವ," ಎಂದೆ, "ನನಗೆ ಚೆನ್ನಾಗಿ ನೆನಪಿದೆ."

ಭಾವ ತುಂಬ ಹೊತ್ತು ಅಕ್ಕನ ಮುಖ ನೋಡಿದರು. ಆಮೇಲೆ ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಹಂಗಾದ್ರೆ ನಾನೇ ಮರ್ತಿರ್ಬೇಕು ಬಿಡು," ಎಂದರು.