ಮೋಟುಬಾಲದ ಚಿಂದಿ

ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಉದ್ದಿನ ವಡೆ. ಬಾಳಗಡಿಯ ಜಲಜಮ್ಮನವರ ಹೋಟೆಲಿನ ವಡೆ ಅಂದರೆ ಸಾಮಾನ್ಯದ್ದಲ್ಲ. ಅದರ ತೂತಿನಲ್ಲಿ ಶೃಂಗೇರಿ ಬಸ್ಸು ಹಾರ್ನ್ ಹೊಡೆಯದೆ ಹಾದುಹೋಗಬಹುದು, ನಾನೇ ಕಣ್ಣಾರೆ ಕಂಡಿದ್ದೇನೆ. ಅಂಥ ವಡೆ ಕಾಲೇಜಿನ ಮೇಷ್ಟ್ರ ಬಾಯಿಗೆ ಇನ್ನೇನು ತಲುಪಬೇಕು, ಮೋಟುಬಾಲದ ಮಂಗವೊಂದು ಕಿತ್ತುಕೊಂಡು ಹೋಟೆಲಿನ ಹೆಂಚಿನ ಮಾಡು ಹತ್ತಿತು.

ಆ ಮಂಗ ಪಕ್ಕದಂಗಡಿಯ ಟೈಲರ್ ಬಸವೇಶನದು. ಅವನದು ಅಂದರೆ ಸಾಕಿದ್ದಲ್ಲ. ಅವನು ಅಂಗಡಿ ಬಾಗಿಲು ತೆಗೆಯುವುದೇ ತಡ, ಕಿಟಕಿಯ ಕಟ್ಟೆಗೆ ಬಂದು, ಅಲ್ಲಿ ಹಾಸಿಟ್ಟ ಅವನ ಹಳೇ ಚೌಕಳಿ ಅಂಗಿಯ ಮೇಲೆ ಕೂತು, ಕತ್ತರಿಯಿಂದ ಬಿದ್ದ ಚಿಂದಿಗಳನ್ನು ತಲೆಗೆ ಹೊದ್ದುಕೊಳ್ಳುತ್ತಿತ್ತು. ಅದಕ್ಕೇ ಚಿಂದಿ ಅಂತ ಹೆಸರು. ಒಂಟಿ ಜೀವ ಬಸವೇಶ ಗಿರಾಕಿಗಳ ಹತ್ತಿರ ಬಾಯಿ ಬಿಡುವುದು ಅಳತೆ ಹೇಳುವುದಕ್ಕೆ ಮಾತ್ರ. ಚಿಂದಿಯ ಹತ್ತಿರ ಮಾತ್ರ ಸಂಜೆಯವರೆಗೂ ಹರಟೆ. ಅದು ಎದುರಿಗೆ ಕೂತರೆ ಅವನ ಮಿಷನ್ನು ದಾರವಿಲ್ಲದೆಯೂ ಹೊಲಿಯುತ್ತಿತ್ತು!

“ಹಿಡಿಸಿ ದೂರ ಬಿಡೋದೇ ಸೈ,” ಅಂದರು ಜಲಜಮ್ಮ.

ನಮ್ಮ ಕಡೆ ಅದೇ ಪದ್ಧತಿ. ನಮ್ಮೂರ ಮಂಗ ಗುಟ್ಟಾಗಿ ಅವರೂರಿಗೆ, ಅವರೂರ ಮಂಗ ಗುಟ್ಟಾಗಿ ನಮ್ಮೂರಿಗೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಂಗಗಳು ಸುತ್ತಿದಷ್ಟು ಊರು ಬಸ್ ಕಂಡಕ್ಟರೂ ಸುತ್ತಿಲ್ಲ.

ಬೋನು ಬಂತು. ಉಳಿದ ಮಂಗಗಳೆಲ್ಲ ಬಿದ್ದವು, ಚಿಂದಿ ಬೀಳಲಿಲ್ಲ.

“ಬಸವೇಶಣ್ಣ, ನೀನೇ ಕರಿ ಮಾರಾಯ. ನಿನ್ನ ಮಾತು ಕೇಳ್ತದೆ,” ಅಂದ ಮೊಬೈಲ್ ಅಂಗಡಿ ರಾಕೇಶ.

“ನಾನಾ?”

“ಮತ್ತೆ? ನಾಳೆ ಕಾಲೇಜು ಮಕ್ಕಳಿಗೆ ಕಚ್ಚಿದ್ರೆ ನೀನು ಜವಾಬ್ದಾರನಾ?”

ಇಲ್ಲ ಅನ್ನುವ ಶಬ್ದ ಬಸವೇಶನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಬೋನಿನೊಳಗೆ ಕೈ ತೂರಿ ಬಾಳೆಹಣ್ಣು ಹಿಡಿದ. ಚಿಂದಿ ಹಣ್ಣು ನೋಡಲಿಲ್ಲ, ಅವನ ಮುಖ ನೋಡಿತು. ನೋಡಿ, ಒಳಗೆ ಹೋಯಿತು.

ಅದಾಗಿ ವಾರ ಕಳೆಯಿತು. ಇವತ್ತು ಬೆಳಿಗ್ಗೆ ಮೇಷ್ಟ್ರ ಪ್ಯಾಂಟಿಗೆ ಬಸವೇಶ ಕಾಲರ್ ಇಟ್ಟು ಹೊಲಿದ. ಅದನ್ನು ಅಲ್ಲೇ ಬಿಸಾಡಿ, ಅಂಗಡಿ ಮುಚ್ಚಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು, ಚಿಂದಿಯನ್ನು ಬಿಟ್ಟರೆಂಬ ಅಡ್ಡಗದ್ದೆಗೆ ಬಸ್ಸು ಹತ್ತಿದ.

ಅಲ್ಲಿ ಕಂಡ ಕಂಡ ಮರದ ಬುಡದಲ್ಲಿ ನಿಂತು, “ಚಿಂದೀ, ಬಾರೇ, ತಪ್ಪಾಯ್ತು ಕಣೇ,” ಅಂತ ಕೂಗಿದ. ಆ ಕೂಗಿಗೆ ಮರಗಳೇ ಬೇರು ಕಿತ್ತು ಬರಬೇಕಿತ್ತು. ಬಂದದ್ದು ಕತ್ತಿ ಹಿಡಿದ ಭೈರಮ್ಮ ಅನ್ನುವ ಹೆಂಗಸು.

“ಯಾರನ್ನ ಕರೆಯೋದು ಮಾರಾಯ?”

“ಮೋಟುಬಾಲದ್ದೊಂದು ಮಂಗ ಅಮ್ಮಾ. ನಮ್ಮದು.”

“ನಿಮ್ಮದಾ! ಹಾಗಾದ್ರೆ ತಂದು ಬಿಟ್ಟವರೂ ನೀವೇ! ಬನ್ರೋ ಎಲ್ಲ, ಮಂಗದ ಯಜಮಾನ ಸಿಕ್ಕಿದ!”

ಊರಿಗೆ ಊರೇ ಸೇರಿತು. ಅಲ್ಲೂ ಇವತ್ತೇ ಮಂಗ ಹಿಡಿಸಿ, ಬೋನನ್ನು ಜೀಪಿಗೇರಿಸಿ, ಎಲ್ಲಿ ಬಿಡೋದು ಅಂತ ಜಗಳವಾಡುತ್ತಿದ್ದರು. “ನಿಮ್ಮ ಸಂಸಾರ ನೀವೇ ಕರ್ಕೊಂಡು ಹೋಗಿ,” ಅಂದಳು ಭೈರಮ್ಮ.

“ಮೋಟುಬಾಲದ್ದು ಉಂಟಾ ಇದರಲ್ಲಿ?”

“ಎಲ್ಲ ನಮೂನೆದೂ ಉಂಟು. ಹತ್ತು ನೀನು!”

ಹೊಡೆತ ತಿನ್ನಬೇಕಾದವನು ನೆಂಟರ ಮನೆಗೆ ಹೊರಟವನಂತೆ ಜೀಪಿನ ಹಿಂದೆ ಕೂತ. ಬೋನಿನೊಳಗೆ ಒಂದರ ಮೇಲೊಂದು ಒತ್ತಿಕೊಂಡಿದ್ದ ಮಂಗಗಳಲ್ಲಿ ಯಾವ ಬಾಲ ಯಾರದೋ ಗೊತ್ತಾಗುವಂತಿರಲಿಲ್ಲ. ದಾರಿಯುದ್ದಕ್ಕೂ “ಚಿಂದಿ, ಚಿಂದಿ” ಅಂತ ಪಿಸುಗುಟ್ಟುತ್ತಾ ಹಣ್ಣು ಹಂಚಿದ.

ಕೊಪ್ಪ ಹತ್ತಿರವಾದಾಗ ಇಕ್ಕಟ್ಟಿನ ತಿರುವಿನಲ್ಲಿ ಎದುರಿಂದ ಇನ್ನೊಂದು ಜೀಪು ಬಂತು. ಟಾರ್ಪಾಲು ಮುಚ್ಚಿದ ಬೋನು. ಎರಡೂ ಜೀಪು ಉಜ್ಜಿಕೊಂಡು ದಾಟುವಾಗ ಟಾರ್ಪಾಲಿನ ಸಂದಿಯಿಂದ ಪುಟ್ಟದೊಂದು ಕೈ ಹೊರಗೆ ಚಾಚಿತು. ಬಸವೇಶ ಉಳಿದಿದ್ದ ಒಂದೇ ಹಣ್ಣು ಕೊಟ್ಟ. ಕೈ ಹಣ್ಣು ಬಿಟ್ಟು ಅವನ ಬೆರಳು ಹಿಡಿಯಿತು. ಜೀಪು ಮುಂದೆ ಹೋಯಿತು; ಹಣ್ಣು ರಸ್ತೆಗೆ ಬಿತ್ತು.

“ಯಾವೂರಿಂದೋ ಪಾಪ,” ಅಂದುಕೊಂಡ.

ಬಾಳಗಡಿಯಲ್ಲಿ ಬೋನು ತೆರೆದರೆ ಮಂಗಗಳು ಕಡಲೆ ಸಿಡಿದ ಹಾಗೆ ಸಿಡಿದವು. ಒಂದೊಂದರ ಬಾಲವೂ ಬಾವಿ ಹಗ್ಗದಷ್ಟು ಉದ್ದ. ಮೋಟು ಒಂದೂ ಇಲ್ಲ.

“ಎಲ್ಲಿ ಹಾಳಾಗಿ ಹೋಗಿದ್ದೆ ಬಸವೇಶ?” ಜಲಜಮ್ಮ ಓಡಿಬಂದರು. “ನೀನು ಆ ಕಡೆ ಹೋಗಿದ್ದೇ ತಡ, ನಿನ್ನ ಮೋಟುಬಾಲದ್ದು ವಾಪಸ್ ಬಂತು ನೋಡು! ಅಷ್ಟು ದೂರ ನಡ್ಕೊಂಡು! ಅಂಗಾಲೆಲ್ಲ ಒಡೆದಿತ್ತು. ಕಟ್ಟೆ ಮೇಲೆ ಕೂತು ಮುಚ್ಚಿದ ಬಾಗಿಲನ್ನೇ ನೋಡ್ತಿತ್ತು.”

“ಎಲ್ಲಿದೆ?”

“ಹಣ್ಣಿಟ್ರೆ ಬೋನಿಗೆ ಬರ್ಲೇ ಇಲ್ಲ ಬಸವೇಶಣ್ಣ, ಬುದ್ಧಿ ಕಲ್ತುಬಿಟ್ಟಿದೆ,” ರಾಕೇಶ ಎದೆ ಉಬ್ಬಿಸಿದ. “ಕಡೆಗೆ ನಂಗೆ ಒಂದು ಐಡಿಯಾ ಬಂತು. ಕಟ್ಟೆ ಮೇಲಿದ್ದ ನಿನ್ನ ಹಳೇ ಅಂಗಿ ತೆಗೆದು ಬೋನಿನೊಳಗೆ ಹಾಸಿದೆ. ಸೀದಾ ಹೋಗಿ ಕೂತ್ಕೊಳ್ತು! ಈಗ್ತಾನೇ ಬಸರೀಕಟ್ಟೆಗೆ ಜೀಪು ಹತ್ತಿಸಿದ್ವಿ.”

ಬಸವೇಶ ತನ್ನ ಬೆರಳು ನೋಡಿಕೊಂಡ. ಅಂಗಡಿ ತೆಗೆದು ಮಿಷನ್ನಿನ ಮುಂದೆ ಕೂತ. ತುಳಿಯಲಿಲ್ಲ.

ಅಡ್ಡಗದ್ದೆಯ ಮಂಗಗಳಲ್ಲೊಂದು, ದಾರಿಯಲ್ಲಿ ಹಣ್ಣು ತಿಂದದ್ದು, ಮೆಲ್ಲಗೆ ಇಳಿದು ಬರಿಯ ಕಟ್ಟೆಯ ಮೇಲೆ ಕೂತು ಅವನ ಮುಖ ನೋಡಿತು.

“ಅಯ್ಯೋ, ಇದೂ ನಿಂಗೆ ಒಗ್ಗಿಬಿಟ್ಟಿದೆ!” ಜಲಜಮ್ಮನ ಮುಖ ಅರಳಿತು. “ಒಳ್ಳೇದೇ ಆಯ್ತು. ನಾಳೆ ಬೋನು ತರಿಸ್ತೇವೆ, ನೀನೇ ಕರೆದುಬಿಡು ಮಾರಾಯ.”

ಬಸವೇಶ ಎದ್ದು ಕಿಟಕಿ ಬಾಗಿಲು ದಢಾರನೆ ಹಾಕಿದ. “ನಡಿ, ನಡಿ ಇಲ್ಲಿಂದ. ನನ್ನ ನಂಬಬೇಡ,” ಅಂತ ಒಳಗಿಂದ ಗದರಿದ.

ಎಷ್ಟೋ ಹೊತ್ತಿನ ಮೇಲೆ ಸಂದಿಯಲ್ಲಿ ಇಣುಕಿದರೆ, ಅದು ಕೂತೇ ಇತ್ತು.