ಮಾಶಾಕಸಾಬ ಕೂಡಿಸಿದ ಮೀನಿನ ಮಶೀನು

ಬೆಟಗೇರಿಯ ಮಾಶಾಕಸಾಬನ ಮುತ್ತಜ್ಜ ಮದಾರಸಾಬ ಲಕ್ಷ್ಮೇಶ್ವರದ ಬಾವಿಯೊಂದಕ್ಕೆ ಜಾಲಿ ಕಟ್ಟಿಗೆಯ ಗಡಗಡಿ ಕೆತ್ತಿ ಕೂಡಿಸಿದ್ದ. ಊರಿನ ಅತ್ತೆ-ಸೊಸೆಯರು ಮೂವತ್ತು ವರ್ಷ ಜಗ್ಗಿದರೂ ಅದು ಒಮ್ಮೆಯೂ ಕಿರ್ ಎನ್ನಲಿಲ್ಲ. ಕಿರ್ ಎಂದದ್ದು ಅತ್ತೆ-ಸೊಸೆಯರು ಮಾತ್ರ! ಅಜ್ಜ ಹುಸೇನಸಾಬ ಶಿರಹಟ್ಟಿ ಸೀಮೆಯ ಬಾವಿಗಳಲ್ಲಿ ಬಿದ್ದ ಕೊಡಗಳನ್ನು ಪಾತಾಳಗರಡಿಯ ಹಂಗಿಲ್ಲದೆ, ಮೂಗು ಹಿಡಿದು ಮುಳುಗಿ ಎತ್ತಿ ತರುತ್ತಿದ್ದ. ಒಮ್ಮೆ ಒಂದು ಕೊಡಕ್ಕೆಂದು ಮುಳುಗಿ ಮೂರು ತಂದು, ಯಾರದು ಯಾವುದೆಂದು ಓಣಿಯಲ್ಲೆಲ್ಲ ಜಗಳ ಹಚ್ಚಿದ ಕೀರ್ತಿಯೂ ಅವನದೇ. ಇನ್ನು ಅಪ್ಪ ರಾಜೇಸಾಬ! ಹಿರೇವಡ್ಡಟ್ಟಿಯ ಅಡವಿಯಲ್ಲಿ ಯಾರದೋ ನೀರೆತ್ತುವ ಎಂಜಿನ್ನು ಬುಕುಬುಕು ಎಂದರೆ ಸಾಕು, ನಾಲ್ಕು ಹೊಲದಾಚೆ ರೊಟ್ಟಿ ತಿನ್ನುತ್ತ ಕುಳಿತೇ "ಅದರ ಎರಡನೇ ರಿಂಗ್ ಸವದೈತಿ" ಎಂದು ಹೇಳುವ ಕಿವಿ ಅವನದು.

ಇಂಥ ನೀರಿನ ಮನೆತನದ ಕುಡಿ ಮಾಶಾಕಸಾಬ. ಶಾಲೆಯ ಮುಖ ನೋಡಿದ್ದು ನಾಲ್ಕನೆಯ ಇಯತ್ತೆಯವರೆಗೆ. ಮುಂದಿನ ವಿದ್ಯೆಯೆಲ್ಲ ನಟ್ಟು ಬಿಚ್ಚುವ ಪಾನಾ ಹಿಡಿದು ತಾನೇ ಕಲಿತದ್ದು. ನಲವತ್ತು ವರ್ಷ ಬೋರಿನ ಮೋಟರು ಬಿಚ್ಚಿ, ಕಟ್ಟಿ, ಈಗ ಅರವತ್ತೆಂಟರಲ್ಲಿ ಮನೆಯಲ್ಲಿ ಕುಳಿತಿದ್ದ. ಕುಳಿತಿದ್ದ ಎಂದರೆ ಸುಮ್ಮನೆ ಕುಳಿತಿದ್ದನೆಂದಲ್ಲ. ಹೆಂಡತಿ ದಾವಲಬಿಯ ಮಿಕ್ಸರು, ಫ್ಯಾನು, ಹೊಲಿಗೆ ಮಶೀನು, ಗೋಡೆಯ ಗಡಿಯಾರ, ಒಂದೊಂದನ್ನೇ ರಿಪೇರಿ ಮಾಡಿ ಮುಗಿಸಿದ್ದ. ಸದ್ಯ ಆ ಮನೆಯಲ್ಲಿ ನೆಟ್ಟಗೆ ನಡೆಯುತ್ತಿದ್ದದ್ದು ಬೀಸುವ ಕಲ್ಲೊಂದೇ. ಅದಕ್ಕೆ ಸ್ಕ್ರೂ ಇರಲಿಲ್ಲ!

ಹೀಗಿರುವಾಗ ಮೀನಿನ ಪೆಟ್ಟಿಗೆ ಕೆಟ್ಟಿತು. ಮಗಳು ತಬಸ್ಸುಮ ಲಗ್ನವಾಗಿ ಮುಂಡರಗಿಗೆ ಹೋಗುವಾಗ ಎಂಟು ಕೊಡ ನೀರು ಹಿಡಿಯುವ ಗಾಜಿನ ಪೆಟ್ಟಿಗೆಯನ್ನೂ ಅದರೊಳಗಿನ ಐದು ಕೆಂಬಣ್ಣದ ಮೀನುಗಳನ್ನೂ ತಾಯಿಯ ಕೈಗೆ ಒಪ್ಪಿಸಿದ್ದಳು. ಅವುಗಳಲ್ಲಿ ದೊಡ್ಡದಕ್ಕೆ ದಾವಲಬಿ ನವಾಬ ಎಂದು ಹೆಸರಿಟ್ಟಿದ್ದಳು. ಗಂಡನಿಗಿಂತ ಮೊದಲು ಅದಕ್ಕೆ ನಾಷ್ಟಾ! ಈಗ ನೀರು ಸೋಸುವ ಹಳೆಯ ಫಿಲ್ಟರು ನಿಂತು, ಪೆಟ್ಟಿಗೆಯ ನೀರು ಅಂಬಲಿಯಂತಾಗಿತ್ತು. ನಳ ಬರುವುದು ಹತ್ತು ದಿನಕ್ಕೊಮ್ಮೆ. ದಿನವೂ ನೀರು ಬದಲಿಸುವ ಮಾತೇ ಇಲ್ಲ. ಐದೂ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು.

"ನಾಳೆ ಮಗಳ ಬರತಾಳ. ಐದರಾಗ ಒಂದ ಕಡಿಮಿ ಆದ್ರೂ ಆಕಿಗೆ ನಾ ಹೆಂಗ ಮಾರಿ ತೋರಿಸಲಿ? ಮೀನಿನ ಅಂಗಡಿ ಅಬ್ರಾರನ್ನ ಕರಸ್ರಿ, ಅಂವನ ಬಂದು ಹೊಸಾದು ಕೂಡಿಸಿ ಹೋಗ್ತಾನ" ಎಂದಳು ದಾವಲಬಿ.

"ಅಬ್ರಾರ? ಅಂವ ಹುಟ್ಟೂಕಿಂತ ಮೊದಲ ನಾ ಮುನ್ನೂರು ಮೋಟರ್ ಕೂಡಿಸೇನಿ! ಆನಿ ಮೈ ತೊಳದಾಂವಗ ಇಲಿ ಮೈ ತೊಳೀಲಿಕ್ಕೆ ಬರಂಗಿಲ್ಲೇನು? ನಾ ಆರಿಸಿ ತರ‍್ತೇನಿ, ನಾನ ಕೂಡಸ್ತೇನಿ!"

ಗದುಗಿನ ಅಂಗಡಿಯಲ್ಲಿ ಅಬ್ರಾರ ಮೂರು ಕ್ಯಾನಿಸ್ಟರ್ ಫಿಲ್ಟರು ತೆಗೆದಿಟ್ಟ. ಮುಚ್ಚಳವಿರುವ ದೊಡ್ಡ ಡಬ್ಬಿ, ಪೆಟ್ಟಿಗೆಯ ಕೆಳಗಿಡಬೇಕು, ಒಂದು ಪೈಪಿನಲ್ಲಿ ಹೊಲಸು ನೀರು ಇಳಿದು ಬರುತ್ತದೆ, ಇನ್ನೊಂದರಲ್ಲಿ ಸೋಸಿದ್ದು ಮೇಲೆ ಹೋಗುತ್ತದೆ. ಮಾಶಾಕಸಾಬ ಮೂರನ್ನೂ ಗಡಿಗೆ ಕೊಳ್ಳುವವರಂತೆ ಬೆರಳಿನಿಂದ ಬಡಿದು ನೋಡಿದ. ಎತ್ತಿ ತೂಗಿದ. ಆಮೇಲೆ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಒಂದು ತುದಿ ಡಬ್ಬಿಗೆ, ಒಂದು ತುದಿ ಕಿವಿಗೆ ಹಚ್ಚಿದ.

"ಚಾಚಾ, ಅದು ಇನ್ನೂ ಚಾಲೂ ಇಲ್ಲರಿ."

"ಗೊತ್ತೈತಿ. ಸುಮ್ಮನಿದ್ದಾಗ ಹೆಂಗ ಇರತೈತಿ ಅಂತ ನೋಡಾಕತ್ತೇನಿ. ಎಷ್ಟು ಎಚ್‌ಪಿ?"

"ಎಚ್‌ಪಿ ಎಲ್ಲೀದು ಚಾಚಾ, ಇಪ್ಪತ್ತು ವ್ಯಾಟ್. ಈ ನಡುವಿನ ಸೈಜಿಂದು ತೊಗೋರಿ, ನಿಮ್ಮ ಪೆಟಗಿಗೆ ಬರೋಬ್ಬರಿ ಆಗತೈತಿ. ಬಿಡಿ ಸಾಮಾನೂ ಸಿಗತಾವು. ಆದ್ರ ಒಂದ ಮಾತು ಹೇಳ್ತೇನಿ, ಇದರ ಜೀವ ಎಲ್ಲಾ ಮುಚ್ಚಳದಾಗಿನ..."

"ಮಶೀನಿಂದು ಜೀವ ಎಲ್ಲಿರತೈತಿ ಅಂತ ರಾಜೇಸಾಬನ ಮಗಗ ಹೇಳತೀಯೇನಲೇ? ಕಟ್ಟು!"

ಅಬ್ರಾರ ಡಬ್ಬಿ ಕಟ್ಟಿ ಕೊಟ್ಟ.

ಮನೆಗೆ ಬಂದ ಮಾಶಾಕಸಾಬ ಅಂತೂರ ಬೆಂತೂರದ ಹುಚ್ಚೀರಪ್ಪನಿಗೆ ಫೋನು ಹಚ್ಚಿದ. ಇಬ್ಬರೂ ಒಂದೇ ವಾರಿಗೆಯವರು. ಹುಚ್ಚೀರಪ್ಪನ ಹೊಲದ ಬೋರಿನ ಮೋಟರು ಏಳು ಸಲ ಮಾಶಾಕಸಾಬನ ಕೈಯಲ್ಲಿ ಸತ್ತು ಎಂಟು ಸಲ ಹುಟ್ಟಿತ್ತು. "ಮಶೀನ ಉದ್ಘಾಟನಾ ಐತಿ, ಊಟಕ್ಕ ಬಾ!"

ಹುಚ್ಚೀರಪ್ಪ ಬರುವಷ್ಟರಲ್ಲಿ ಡಬ್ಬಿಯ ಕರುಳೆಲ್ಲ ಚಾದರದ ಮೇಲೆ ಹರವಿತ್ತು. ಹೊಸ ಮೋಟರನ್ನು ಬಿಚ್ಚಿ ನೋಡದೆ ಕೂಡಿಸುವವನು ಮೇಸ್ತ್ರಿಯೇ ಅಲ್ಲ ಎಂಬುದು ಆ ಮನೆತನದ ಕಟ್ಟಳೆ. ಸ್ಪಂಜು, ಬಿಳಿ ಬಳಪದಂಥ ಚೂರು, ಜಾಳಿಗೆ, ಎಲ್ಲವನ್ನೂ ಬಿಚ್ಚಿ, ಒರೆಸಿ, ತಿರುಗಿ ತುಂಬಿ, ಮುಚ್ಚಳ ಹಾಕಿ ಕ್ಲಿಪ್ಪು ಬಿಗಿದ. ಚಾದರದ ಮೇಲೆ ಒಂದು ಕಪ್ಪು ರಬ್ಬರ್ ಬಳೆ ಉಳಿಯಿತು.

"ಇದೆಲ್ಲೀದ್ರಿ?" ಎಂದಳು ದಾವಲಬಿ.

"ಅದು ಹೆಚ್ಚಿಗಿ. ಕಂಪನಿಯವರು ಒಂದ ಮ್ಯಾಲ ಕೊಟ್ಟಿರತಾರ."

"ಮುಚ್ಚಳದ್ದು ಕಂಡಂಗ ಕಾಣತೈತಿ. ಕುಕ್ಕರಿಗೆ ರಬ್ಬರ ಹಾಕಲಿಲ್ಲಂದ್ರ ಸೀಟಿ ಹೊಡೀತೈತೇನ್ರಿ?"

"ಕುಕ್ಕರ್ ಬ್ಯಾರೆ, ಮಶೀನ ಬ್ಯಾರೆ! ಬಿಗಿ ಮಾಡಾಕ ಬರಲಾರದವರಿಗೆ ರಬ್ಬರ ಬೇಕು. ನನ್ನ ಕೈಗಲ್ಲ!"

"ಹಂಗಾರ ನನಗಿರಲಿ" ಎಂದು ದಾವಲಬಿ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಅವಳ ಉಪ್ಪಿನಕಾಯಿಯ ಸ್ಟೀಲ್ ಡಬ್ಬಿಯ ಮುಚ್ಚಳ ಸಡಿಲಾಗಿ, ಎಣ್ಣೆ ಸೋರಿ, ಕಪಾಟಿನ ತುಂಬ ಇರುವೆ. ಬಳೆ ಅದಕ್ಕೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಡಬ್ಬಿಯನ್ನು ತಂದು ಪಡಸಾಲೆಯ ಕಪಾಟಿನಲ್ಲಿಟ್ಟಳು.

ಮಾಶಾಕಸಾಬ ಪೈಪು ಜೋಡಿಸಿ ಬಟನ್ ಒತ್ತಿದ. ಡಬ್ಬಿ ಗುಂಯ್ ಎಂದಿತು. ಮುಚ್ಚಳದ ಸಂದಿನಲ್ಲಿ ನಾಲ್ಕು ಹನಿ ಇಣುಕಿದವು.

"ಬೆವರತೈತಿ" ಎಂದ ಹುಚ್ಚೀರಪ್ಪ.

"ಹೊಸಾ ಮಶೀನ ಅಲ್ಲೇನು, ನಾಚತೈತಿ!" ಎಂದ ಮಾಶಾಕಸಾಬ, ಅಪ್ಪ ಎಂಜಿನ್ನಿಗೆ ಮಾಡುತ್ತಿದ್ದಂತೆ ಸುತಳಿಗೆ ಗ್ರೀಸು ಬಳಿದು ಸಂದಿನ ಸುತ್ತ ತುರುಕಿದ. ಹನಿ ನಿಂತಿತು. ನವಾಬ ಒಂದು ಸುತ್ತು ಹೊಡೆದ. ಹುಚ್ಚೀರಪ್ಪ ಚಪ್ಪಾಳೆ ತಟ್ಟಿದ. ಮೂರು ತಲೆಮಾರು ಸ್ವರ್ಗದಲ್ಲಿ ಮೀಸೆ ತಿರುವಿದವು!

ಎಲ್ಲರೂ ಒಳಗೆ ಊಟಕ್ಕೆ ಕುಳಿತರು. ಎರಡನೆಯ ರೊಟ್ಟಿ ಮುರಿಯುವ ಹೊತ್ತಿಗೆ ಪಡಸಾಲೆಯಲ್ಲಿ ಫಟ್ ಎಂದಿತು. ಹೋಗಿ ನೋಡಿದರೆ ಸುತಳಿ ಹಾವಿನಂತೆ ಹೊರಬಿದ್ದು, ಡಬ್ಬಿಯ ಸುತ್ತಲೂ ಕಾರಂಜಿ!

"ಬಂದ್ ಮಾಡ್ರಿ! ಬಂದ್ ಮಾಡ್ರಿ!" ಎಂದು ದಾವಲಬಿ ಕೂಗಿದಳು. ಮಾಶಾಕಸಾಬ ಜಿಗಿದು ಪ್ಲಗ್ಗು ಕಿತ್ತ. ನೀರು ನಿಲ್ಲಲಿಲ್ಲ. ಓಡಿಹೋಗಿ ಮನೆಯ ಮೇನ್ ಸ್ವಿಚ್ಚೇ ಆರಿಸಿದ. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ನೀರು ಮಾತ್ರ ನಿಲ್ಲಲಿಲ್ಲ!

"ಮೋಟರ್ ಬಂದ್ ಮಾಡಿದ್ರೂ ನೀರ ಬರಾಕತ್ತೈತಲ್ಲೋ ಹುಚ್ಚೀರಪ್ಪಾ!"

ಪಾಪ, ಅವನದೇನು ತಪ್ಪು? ಆ ಮನೆತನದ್ದು ಆಳದ ನೀರನ್ನು ಮೇಲೆತ್ತುವ ವಿದ್ಯೆ. ತಾನಾಗಿಯೇ ಕೆಳಗಿಳಿದು ಬರುವ ನೀರನ್ನು ನಿಲ್ಲಿಸುವುದು ಹೇಗೆಂದು ಮುತ್ತಜ್ಜನೂ ಕಲಿತಿರಲಿಲ್ಲ, ಅಜ್ಜನೂ ಕಲಿತಿರಲಿಲ್ಲ. ಮಾಶಾಕಸಾಬ ಎರಡೂ ಕೈಯಿಂದ ಡಬ್ಬಿಯನ್ನು ಅವುಚಿ ಹಿಡಿದ. ಹತ್ತು ಬೆರಳ ನಡುವೆ ಎಂಟು ಕಾಲುವೆ ಹರಿದವು. ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ನೀರು ಇಳಿದಿಳಿದು ನವಾಬನ ಬೆನ್ನು ಗಾಳಿಗೆ ಬಿತ್ತು. ದಾವಲಬಿ ಕುಡಿಯುವ ನೀರಿನ ಕೊಡವನ್ನೇ ಎತ್ತಿ ತಂದಳು. ಸೋಸುವ ಜಾಳಿಗೆಯಿಂದ ಒಂದೊಂದೇ ಮೀನು ಹಿಡಿದು ಒಳಗೆ ಬಿಟ್ಟಳು. "ಒಂದು... ಎರಡು... ಮೂರು... ನಾಕು... ಅಯ್ಯೋ ನವಾಬಾ, ಬಾರೋ!" ನವಾಬ ಎರಡು ಸಲ ಜಾರಿ, ಮೂರನೆಯ ಸಲಕ್ಕೆ ಬಂದ. ಐದು!

ಅಷ್ಟರಲ್ಲಿ ಹುಚ್ಚೀರಪ್ಪ ಗದ್ದಲವಿಲ್ಲದೆ ಹೋಗಿ, ಹೊಲದಲ್ಲಿ ನೀರು ಹಾಯಿಸುವಾಗ ಮಾಡುವಂತೆ, ಇಳಿಯುವ ಪೈಪನ್ನು ಎರಡು ಮಡಿಕೆ ಮಾಡಿ ಹಿಚುಕಿ, ಹೊರಬಿದ್ದ ಸುತಳಿಯಿಂದಲೇ ಬಿಗಿದ. ನೀರು ನಿಂತಿತು.

ಎದ್ದು ನಿಲ್ಲಲು ಹೋದ ಮಾಶಾಕಸಾಬನ ಕಾಲು ಜಾರಿತು. ಆಸರೆಗೆಂದು ಕೈಹಾಕಿದ್ದು ಕಪಾಟಿಗೆ. ಉಪ್ಪಿನಕಾಯಿಯ ಡಬ್ಬಿ ಧಡ್ ಎಂದು ಬಿದ್ದು, ಮೂರು ಪಲ್ಟಿ ಹೊಡೆದು, ಅಂಗಾತ ಬಿದ್ದವನ ಮೂಗಿನ ಮುಂದೆ ತಲೆಕೆಳಗಾಗಿ ನಿಂತಿತು. ಒಂದು ಹನಿ ಎಣ್ಣೆ ಹೊರಬರಲಿಲ್ಲ.

ಹುಚ್ಚೀರಪ್ಪ ಕಣ್ಣರಳಿಸಿದ. "ನೀರಿನ ಮನಿಯಾಗ ಸೋರಲಾರದ್ದು ಇದೊಂದ ನೋಡವ್ವ! ಏನ ಹಾಕೀದಿ ಇದಕ್ಕ?"

ದಾವಲಬಿ ಮುಚ್ಚಳ ತೆಗೆದು ಕಪ್ಪು ಬಳೆ ತೋರಿಸಿದಳು. ತೊಯ್ದ ಸೆರಗು ಹಿಂಡಿಕೊಂಡಳು. ಆಮೇಲೆ ಅಂದಳು: "ಭರೋಸೆದ ಮಶೀನ ಆರಿಸಿ ತಂದ್ರಿ, ಖರೆ. ಕೂಡಸಾಕೂ ಒಬ್ಬ ಭರೋಸೆದ ಮನಷ್ಯಾನ್ನ ತರಬೇಕಾಗಿತ್ತು. ಈಗರ ಅಬ್ರಾರಗ ಫೋನ್ ಹಚ್ಚಲೇನ್ರಿ?"

"ಏಳೋ, ಕೈ ಕೊಡ್ತೇನಿ" ಎಂದು ಹುಚ್ಚೀರಪ್ಪನೂ ಬಾಗಿದ.

ಮಾಶಾಕಸಾಬ ಮಲಗಿದಲ್ಲಿಂದಲೇ ಅಂಗೈ ಅಡ್ಡ ಹಿಡಿದ.

"ಯಾರೂ ಕೈ ಹಚ್ಚಬ್ಯಾಡ್ರಿ! ಯಾರಿಗೂ ಫೋನ್ ಮಾಡಬ್ಯಾಡ್ರಿ! ರಾಜೇಸಾಬನ ಮಗ ಅದೇನಿ ನಾನು, ನನಗ ಯಾರ ಮದತೂ ಬ್ಯಾಡ. ಆ ಬಳಿಗೆ ಹತ್ತಿದ್ದ ಎಣ್ಣಿ ಒರಿಸಿ ಅಷ್ಟ ಇಲ್ಲಿಡ್ರಿ. ಇಟ್ಟು, ಎಲ್ಲಾರೂ ಆ ಕಡೆ ಮಾರಿ ಮಾಡಿ ಕುಂಡ್ರಿ!"