ತಲೆಯಿಲ್ಲದ ಹುಲಿಯ ವಿಷಯವಾಗಿ ನಮ್ಮ ಮನೆಯ ಹೊಸ ಪವರ್ ಸಪ್ಲೈ ಅವರಿಗೆ ಬಹಿರಂಗ ಪತ್ರ

ನಮ್ಮ ಹಳೆಯ ಕಂಪ್ಯೂಟರಿನ ಹಿಂಭಾಗದ ಮೇಲುಮೂಲೆಯಲ್ಲಿ ನಾಲ್ಕು ಸ್ಕ್ರೂಗಳ ಆಸರೆಯಿಂದ ವಿರಾಜಮಾನರಾಗಿ ಅದಕ್ಕೆ ಕರೆಂಟು ಉಣಿಸುವ ನೂತನ ಪವರ್ ಸಪ್ಲೈ ಅವರ ಸನ್ನಿಧಿಗೆ, ಅವರನ್ನು ಕೈಯಾರೆ ಅಲ್ಲಿ ಕೂರಿಸಿದ ಮನೆ ಯಜಮಾನನ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಬರೀ ಭಾವಿಸುತ್ತೇನೆ ಎನ್ನಲು ಕಾರಣ, ತಾವು ಕ್ಷೇಮವೋ ಅಲ್ಲವೋ ಎಂದು ತಿಳಿಯುವ ದಾರಿಯನ್ನೇ ತಾವು ನಮಗೆ ಉಳಿಸಿಲ್ಲ. ತಮಗಿಂತ ಮುಂಚೆ ಈ ಸ್ಥಾನದಲ್ಲಿದ್ದ ಹಿರಿಯರು ಹಾಗಿರಲಿಲ್ಲ. ಅವರು ಎದ್ದರೆಂದರೆ ಹಿಟ್ಟಿನ ಗಿರಣಿ ಶುರುವಾದಂತೆ ಅಕ್ಕಪಕ್ಕದ ಮನೆಗಳಿಗೂ ಗೊತ್ತಾಗುತ್ತಿತ್ತು. ಏಳಲು ಮನಸ್ಸಿಲ್ಲದ ದಿನ ಡಬ್ಬದ ಎಡಪಕ್ಕೆಗೆ ಅಂಗೈಯಿಂದ ಒಂದು ಕೊಟ್ಟರೆ ಗೊಣಗಿಕೊಂಡಾದರೂ ಎದ್ದೇಳುತ್ತಿದ್ದರು. ಕೊನೆಗೊಂದು ದಿನ ಕೋಣೆ ತುಂಬ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿದಾಗಲೂ ಎಲ್ಲರಿಗೂ ತಿಳಿಸಿಯೇ ಹೋದರು. ತಾವಾದರೋ ಇದ್ದಾಗಲೂ ಸದ್ದಿಲ್ಲ, ಇಲ್ಲದಾಗಲೂ ಸದ್ದಿಲ್ಲ. ಇಂಥ ವಿನಯವನ್ನು ನಾನು ಮನುಷ್ಯರಲ್ಲಂತೂ ಕಂಡಿಲ್ಲ.

ತಾವು ಹೊಸಬರಾದ್ದರಿಂದ ಈ ಮನೆಯ ಸ್ಥಿತಿಗತಿಯನ್ನು ಸ್ವಲ್ಪ ವಿವರಿಸಬೇಕು. ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಕಸೂತಿ ಕೆಲಸ ಮಾಡುತ್ತಾಳೆ. ಅವಳ ಕಸೂತಿ ಯಂತ್ರಕ್ಕೂ ಕಂಪ್ಯೂಟರಿಗೂ ವಯಸ್ಸಾಗಿದೆ. ಯಂತ್ರ ಈ ಕಂಪ್ಯೂಟರಿನ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ, ಅದನ್ನು ಮಾಡಿದ ಕಂಪನಿಯವರು ಬಾಗಿಲು ಹಾಕಿಕೊಂಡು ಹೋಗಿ ಯಾವುದೋ ಕಾಲವಾಯಿತು. ಹಿರಿಯರು ತೀರಿಕೊಂಡ ವಾರವೇ ಅವಳ ಮುಂದೆ ನಮ್ಮ ಬೀದಿಯ ಕೊನೆಯ ಶಾಲೆಯ ಹುಡುಗಿಯರ ಫುಟ್‌ಬಾಲ್ ತಂಡದ ಅಂಗಿಗಳು ರಾಶಿ ಬಿದ್ದಿದ್ದವು. ಆ ಹುಡುಗಿಯರು ಇಲ್ಲಿಯವರೆಗೆ ಹುಡುಗರು ಹಾಕಿ ಬಿಟ್ಟ, ಮೊಣಕಾಲಿಗೆ ಬರುವ ಅಂಗಿಗಳಲ್ಲೇ ಆಡಿದವರು. ಮೊದಲ ಸಲ ತಮ್ಮದೇ ಅಳತೆಯ ಅಂಗಿ, ಎದೆಯ ಮೇಲೆ ತಾವೇ ಆರಿಸಿದ ಹುಲಿ, ಅದೂ ಭಾನುವಾರದ ಫೈನಲ್ ಪಂದ್ಯಕ್ಕೆ. ಹುಲಿ ಎದೆ ಮೇಲಿಲ್ಲದೆ ನಿಮ್ಮನ್ನು ಮೈದಾನಕ್ಕೆ ಇಳಿಸುವುದಿಲ್ಲ ಎಂದು ನನ್ನ ಹೆಂಡತಿ ಅವರಿಗೆ ಮಾತು ಕೊಟ್ಟಿದ್ದಳು.

ಆಗ ನಾನು ಮುಂದೆ ಬಂದೆ. ಪವರ್ ಸಪ್ಲೈ ಬದಲಾಯಿಸುವುದೇನು ಮಹಾ, ನಾನೇ ಮಾಡುತ್ತೇನೆ ಎಂದೆ. ನನ್ನ ಭಾವಮೈದುನನೂ ಫೋನಿನಲ್ಲಿ "ನಾಲ್ಕು ಸ್ಕ್ರೂ ಭಾವ, ಅಷ್ಟೇ" ಎಂದು ಧೈರ್ಯ ತುಂಬಿದ. ಮದರ್‌ಬೋರ್ಡಿಗೆ ಕಚ್ಚಿಕೊಂಡಿರುವ ಆ ದಪ್ಪ ಪ್ಲಗ್ಗಿನ ಬಗ್ಗೆ ಅವನು ಬಾಯಿ ಬಿಡಲಿಲ್ಲ. ಅದನ್ನು ಕೀಳುವಷ್ಟರಲ್ಲಿ ನನ್ನ ಹೆಬ್ಬೆರಳಿನ ಚರ್ಮ ಹೋಯಿತು, ಒಳಗಿನ ಧೂಳಿಗೆ ಮನೆಯವರೆಲ್ಲ ಸರದಿಯ ಮೇಲೆ ಸೀನಿದರು. ಆದರೂ ಪ್ರತಿ ವೈರಿನ ಫೋಟೋ ತೆಗೆದುಕೊಂಡು, ಒಂದೊಂದನ್ನೂ ಅದರದರ ಜಾಗಕ್ಕೆ ಸೇರಿಸಿ ತಮ್ಮನ್ನು ಪ್ರತಿಷ್ಠಾಪಿಸಿದೆ. ಗುಂಡಿ ಒತ್ತಿದರೆ ಕಂಪ್ಯೂಟರು ಮೊದಲ ಸಲಕ್ಕೇ ಎದ್ದಿತು. ನನ್ನ ಕೈಚಳಕ ಬಂದವರ ಕಣ್ಣಿಗೆಲ್ಲ ಬೀಳಲಿ ಎಂದು ಕಂಪ್ಯೂಟರಿನ ಬೆನ್ನನ್ನು ಬಾಗಿಲ ಕಡೆಗೆ ತಿರುಗಿಸಿಟ್ಟೆ. ಒಂದು ಸ್ಕ್ರೂ ಉಳಿದಿತ್ತು, ಅದನ್ನು ಜೇಬಿಗೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ತಾವು ಉಸಿರೇ ಎತ್ತಲಿಲ್ಲ. ಗೋಡೆಯ ಸ್ವಿಚ್ಚು ಹಾಕಿದೆ, ವೈರುಗಳನ್ನು ಒತ್ತಿ ನೋಡಿದೆ, ಅಭ್ಯಾಸಬಲದಿಂದ ಎಡಪಕ್ಕೆಗೂ ಕೊಟ್ಟೆ, ಅದಕ್ಕೂ ತಾವು ಸುಮ್ಮನಿದ್ದಿರಿ. ತಮ್ಮನ್ನು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಓಡಿದರೆ, ಅಲ್ಲಿ ಅಂಗಡಿಯವನು ತಮ್ಮನ್ನು ಅತ್ತ ಇತ್ತ ತಿರುಗಿಸಿ ಏನೋ ಮುಟ್ಟಿದ್ದೇ ತಡ, ತಾವು ನಗುನಗುತ್ತಾ ಒಳಗಿನ ಫ್ಯಾನು ತಿರುಗಿಸತೊಡಗಿದಿರಿ. ಮನೆಗೆ ತಂದು ಕೂರಿಸಿದೆ, ದಿನವಿಡೀ ದುಡಿದಿರಿ, ಹುಲಿಗಳು ಒಂದರ ಹಿಂದೊಂದು ಹುಟ್ಟಿದವು. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಮೌನ, ಮತ್ತೆ ಟವೆಲ್ಲು, ಮತ್ತೆ ಅಂಗಡಿಯಲ್ಲಿ ಅದೇ ನಗು. ಮನೆಯಲ್ಲಿ ರಚ್ಚೆ ಹಿಡಿದು ಪಕ್ಕದ ಮನೆಯವರ ಮಡಿಲಲ್ಲಿ ಕಿಲಕಿಲ ನಗುವ ಮಗುವಿನ ಸ್ವಭಾವ ತಮಗೆ ಯಾರು ಕಲಿಸಿದರೋ ಕಾಣೆ. "ಇದಕ್ಕೇನೂ ಆಗಿಲ್ಲ ಸಾರ್, ನಿಮ್ಮ ಮನೇಲೇ ಏನೋ ಇದೆ" ಎಂದ ಅಂಗಡಿಯವನು. ಅವನ ಮಾತಿಗೆ ನನಗೆ ಮೈ ಉರಿದು ಹೋಯಿತು.

ಇಷ್ಟಾದ ಮೇಲೆ ನನ್ನ ಹೆಂಡತಿ, ಯಂತ್ರ ಕೈಕೊಟ್ಟರೆ ಇರಲಿ ಎಂದು ಸೂಜಿ ಹಿಡಿದು ಕೈಯಲ್ಲೇ ಹುಲಿ ಹೊಲಿಯುವುದನ್ನು ಅಭ್ಯಾಸ ಮಾಡತೊಡಗಿದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸೂಜಿ ನೋಡಿ ಮಾತ್ರ ನನಗೆ ನಿಜವಾಗಿಯೂ ಸಂಕಟವಾಯಿತು.

ಇಲ್ಲಿ ಇನ್ನೊಂದು ವಿಷಯ ತಮಗೆ ತಿಳಿದಿರಬೇಕು. ಈ ಮನೆಯ ಪ್ರತಿ ಬಾಗಿಲಿನ ಪಕ್ಕದಲ್ಲೂ "ಕೋಣೆ ಬಿಡುವ ಮುನ್ನ ಎಲ್ಲ ಸ್ವಿಚ್ ಆರಿಸಿ" ಎಂಬ ಬೋರ್ಡು ಇದೆ. ಬರೆದವನು, ಬಣ್ಣ ಹಚ್ಚಿದವನು, ಮೊಳೆ ಹೊಡೆದವನು ನಾನೇ. ಅದನ್ನು ಚಾಚೂ ತಪ್ಪದೆ ಪಾಲಿಸುವವರು ನನ್ನ ಅಮ್ಮ ಒಬ್ಬರೇ.

ಶನಿವಾರ ಸಂಜೆ ಉಳಿದಿದ್ದದ್ದು ಗೋಲ್‌ಕೀಪರ್ ಹುಡುಗಿಯ ಅಂಗಿ ಮಾತ್ರ. ಯಂತ್ರ ಬಾಲದಿಂದ ಶುರುಮಾಡಿ ಹೊಟ್ಟೆ, ಬೆನ್ನು ಮುಗಿಸಿ ಕುತ್ತಿಗೆಗೆ ಬಂದು, ಬೇರೆ ಬಣ್ಣದ ದಾರಕ್ಕಾಗಿ ನಿಂತಿತು. ಹೆಂಡತಿ ದಾರ ತರಲು ಒಳಗಿನ ಬೀರುವಿಗೆ ಹೋದಳು. ಆ ಹೊತ್ತಿಗೆ ಅಮ್ಮ ಬಂದರು. ನಮ್ಮ ಹಿರಿಯರಾಗಿದ್ದರೆ ಗಿರಣಿಯ ಸದ್ದು ಮಾಡಿ ಎಚ್ಚರಿಸುತ್ತಿದ್ದರು. ತಾವು ಮೌನವಾಗಿದ್ದಿರಿ. ಅಮ್ಮ ದೀಪ ಆರಿಸಿದರು, ಫ್ಯಾನು ಆರಿಸಿದರು, ಆಮೇಲೆ ಮಂಡಿನೋವನ್ನೂ ಲೆಕ್ಕಿಸದೆ ಬಗ್ಗಿ, ತಮ್ಮ ಬೆನ್ನಿನ ಮೇಲೆ ಎರಡು ಬೆರಳಗಲದ ಒಂದು ಕಪ್ಪು ಸ್ವಿಚ್ಚು ಇದೆಯಲ್ಲ, ಅದನ್ನೂ ಆರಿಸಿದರು. ಹಿರಿಯರಿಗೆ ಅಂಥ ಸ್ವಿಚ್ಚೇ ಇರಲಿಲ್ಲ, ಹಾಗಾಗಿ ಅಂಥದ್ದೊಂದು ಇರಬಹುದೆಂದು ನನಗೆ ಹೊಳೆದೂ ಇರಲಿಲ್ಲ. ದಾರ ಹಿಡಿದು ಬಂದ ಹೆಂಡತಿಯೂ ಅವಳ ಹಿಂದೆ ಬಂದ ನಾನೂ ಬಾಗಿಲಲ್ಲೇ ನಿಂತುಬಿಟ್ಟೆವು. ಅಮ್ಮ ಮಾತ್ರ ಹೆಮ್ಮೆಯಿಂದ, "ಹಿಂದೆ ಒಂದು ಸಣ್ಣದಿದೆ ಕಣಮ್ಮಾ, ಯಾರೂ ನೋಡೋದೇ ಇಲ್ಲ, ನಾನೇ ದಿನಾ ಆರಿಸ್ತೀನಿ" ಎಂದರು. ಹೆಂಡತಿ ಅಮ್ಮನನ್ನು ನೋಡಿದಳು, ಗೋಡೆಯ ಬೋರ್ಡನ್ನು ನೋಡಿದಳು, ಆಮೇಲೆ ಬಹಳ ಹೊತ್ತು ನನ್ನನ್ನು ನೋಡಿದಳು.

ಸ್ವಿಚ್ಚು ಮತ್ತೆ ಹಾಕುವಷ್ಟರಲ್ಲಿ ಯಂತ್ರ ತಾನು ಎಲ್ಲಿಗೆ ಬಂದಿದ್ದೆ ಎಂಬುದನ್ನೇ ಮರೆತುಬಿಟ್ಟಿತ್ತು. ಹುಲಿಗೆ ತಲೆ ಇಲ್ಲ, ಬೇರೆ ಅಂಗಿಯೂ ಇಲ್ಲ. ವಿಷಯ ತಿಳಿದ ಅಮ್ಮ ಯಾರನ್ನೂ ಕೇಳದೆ ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತು, ಕೈಯಲ್ಲೇ ತಲೆ ಹೊಲಿದುಕೊಟ್ಟರು. ಜೀವನದಲ್ಲಿ ಹುಲಿಯನ್ನು ಹತ್ತಿರದಿಂದ ನೋಡಿದವರಲ್ಲ, ಕಂಡ ಮುಖವನ್ನೇ ಹೊಲಿದಿದ್ದಾರೆ. ಅಗಲ ಹಣೆ, ಜೋಲು ಮೀಸೆ, ಯಾರ ಮೇಲೋ ಸಿಟ್ಟಾಗಿರುವ ಕಣ್ಣು. ಅಂಗಿ ಒಯ್ಯಲು ಬಂದ ಗೋಲ್‌ಕೀಪರ್ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಅಜ್ಜಿ, ಇದು ಅಂಕಲ್ ಥರಾನೇ ಇದೆಯಲ್ಲ" ಎಂದು ಬಿದ್ದು ಬಿದ್ದು ನಕ್ಕಳು. ತಂಡದ ಬೇರೆ ಹುಡುಗಿಯ ಅಂಗಿಯೊಂದಿಗೆ ಬದಲಾಯಿಸಿಕೊಡಲೇ ಎಂದರೆ ಎದೆಗೆ ಅವಚಿಕೊಂಡು ಕೊಡೋದೇ ಇಲ್ಲ ಎಂದಳು. ನನಗೆ ಅವಮಾನವಾಗಬೇಕಿತ್ತು, ಆದರೆ ಸುಳ್ಳೇಕೆ, ಬಹಳ ಖುಷಿಯಾಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಅಲ್ಪ. ಇನ್ನು ಮುಂದೆ ತಾವು ಕೆಲಸದಲ್ಲಿರುವಾಗ ಆಗಾಗ ಸಣ್ಣಗೆ ಕೆಮ್ಮಬೇಕು. ಯಾರಾದರೂ ಬೆನ್ನಿಗೆ ಕೈ ಹಾಕಿದರೆ "ಬೇಡಿ ತಾಯಿ" ಎನ್ನಬೇಕು. ನಾನು ಮಾಡಿದ ಜೋಡಣೆಯಲ್ಲಿ ಮೊದಲಿನಿಂದಲೂ ಎಳ್ಳಷ್ಟು ತಪ್ಪಿರಲಿಲ್ಲವೆಂದು ನನ್ನ ಹೆಂಡತಿಗೂ ಭಾವಮೈದುನನಿಗೂ ತಾವೇ ಖುದ್ದಾಗಿ ತಿಳಿಸಬೇಕು. ಮತ್ತು ನನ್ನ ಜೇಬಿನಲ್ಲಿರುವ ಸ್ಕ್ರೂ ಯಾರದೆಂದು ಗುಟ್ಟಾಗಿ ನನಗೊಬ್ಬನಿಗೇ ಹೇಳಬೇಕು.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿ,
ಸದ್ಯ ಗೋಲ್‌ಕೀಪರಿನ ಎದೆಯ ಮೇಲೆ ಹುಲಿಯಾಗಿರುವವನು

ತಾ.ಕ.: ದೂರಿನ ಪತ್ರ ಹೀಗೇಕೆ ಕೈಬರಹದಲ್ಲಿದೆ ಎಂದು ತಾವು ಕೇಳಬಹುದು. ಭಾನುವಾರ ಮಧ್ಯಾಹ್ನ ಇದನ್ನು ತಮ್ಮ ಕೃಪೆಯಿಂದಲೇ ಕಂಪ್ಯೂಟರಿನಲ್ಲಿ ಪೂರ್ತಿ ಟೈಪು ಮಾಡಿದ್ದೆ. ನೀರು ಕುಡಿಯಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ದೀಪ, ಫ್ಯಾನು, ತಮ್ಮ ಬೆನ್ನಿನ ಸ್ವಿಚ್ಚು ಎಲ್ಲವನ್ನೂ ಯಾರೋ ಆರಿಸಿದ್ದರು. ಅಮ್ಮನೂ ಹೆಂಡತಿಯೂ ಪಂದ್ಯ ನೋಡಲು ಮೈದಾನಕ್ಕೆ ಹೋಗಿದ್ದರು, ಮನೆಯಲ್ಲಿ ನಾನೊಬ್ಬನೇ ಇದ್ದೆ. ಈ ಬಗ್ಗೆ ತಾವು ಕೂಲಂಕಷ ತನಿಖೆ ನಡೆಸಬೇಕು. ಫಲಿತಾಂಶವನ್ನು ಮಾತ್ರ ದಯವಿಟ್ಟು ಮನೆಯಲ್ಲಿ ಯಾರಿಗೂ ಹೇಳಬೇಡಿ.